ಸರಕು ವಿಮಾನದ ವೇಷದಲ್ಲಿ ಬಾಂಬರ್

ಹೆಸರು ಬದಲಾಯಿಸಿದರೆ ವಸ್ತುವಿನ ಗುಣ ಬದಲಾಗುವುದೇ? ಜರ್ಮನಿಯ ‘ಡಾರ್ನಿಯರ್ ಡೊ ಎಫ್’ ವಿಮಾನದ ಚರಿತ್ರೆಯನ್ನು ಒಮ್ಮೆ ಗಮನಿಸಿ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ವಾಯುಪಡೆಯನ್ನು ಇಟ್ಟುಕೊಳ್ಳಬಾರದೆಂದು 1919ರ ವರ್ಸೇಲ್ಸ್ ಒಪ್ಪಂದ ವಿಧಿಸಿತ್ತು. ಆದರೆ ಒಳಗೊಳಗೇ ಸಿದ್ಧತೆ ನಡೆದಿತ್ತು. ಡಾರ್ನಿಯರ್ ಕಂಪೆನಿಯು ಕಾನ್‌ಸ್ಟನ್ಸ್ ಸರೋವರದ ಆಚೆ ದಡದಲ್ಲಿ, ಸ್ವಿಟ್ಜರ್ಲೆಂಡಿನ ಆಲ್ಟನ್‌ರೈನ್‌ನಲ್ಲಿಯೂ ಕಾರ್ಖಾನೆ ತೆರೆದಿತ್ತು. 1932ರ ಮೇ 7ರಂದು ಈ ಕಂಪೆನಿಯ ಡೊ ಎಫ್ ಮಾದರಿ ವಿಮಾನ ಮೊದಲ ಬಾರಿಗೆ ಹಾರಿತು. ಎರಡು ಎಂಜಿನ್, ಲೋಹದ ಒಡಲು, ಒಳಗೆ ಮಡಚಿಕೊಳ್ಳುವ ಚಕ್ರಗಳು. ಲೋಕಕ್ಕೆ ಹೇಳಿದ್ದು ಸರಕು ವಿಮಾನವೆಂದು. ನಿಜವಾದ ಉದ್ದೇಶ ರಾತ್ರಿ ಹೊತ್ತು ಬಾಂಬ್ ಹಾಕುವುದು!

ಮುಂದೆ ಇದಕ್ಕೆ ‘ಡೊ 11’ ಎಂಬ ಹೆಸರಾಯಿತು. ರೈಲ್ವೆಯ ರಾತ್ರಿ ಸರಕು ಸೇವೆಯೆಂಬ ನೆಪದಲ್ಲಿ ಚಾಲಕರು ಕತ್ತಲೆಯ ಹಾರಾಟ ಕಲಿತರು. ವಿಮಾನವೇನೋ ಚೆನ್ನಾಗಿರಲಿಲ್ಲ. ರೆಕ್ಕೆಗಳು ಕಂಪಿಸುತ್ತಿದ್ದವು, ಚಕ್ರ ಮಡಚುವ ಯಂತ್ರ ಕೈಕೊಡುತ್ತಿದ್ದುದರಿಂದ ಚಕ್ರಗಳನ್ನು ಇಳಿಬಿಟ್ಟೇ ಹಾರಿಸುತ್ತಿದ್ದರು. ಆದರೂ ಅದರಲ್ಲಿ ಪಡೆದ ತರಬೇತಿ ವ್ಯರ್ಥವಾಗಲಿಲ್ಲ.

1935ರಲ್ಲಿ ಹಿಟ್ಲರನ ಸರಕಾರ ತನ್ನ ವಾಯುಪಡೆಯನ್ನು ಬಹಿರಂಗಗೊಳಿಸಿತು. ಎರಡೇ ವರ್ಷಗಳಲ್ಲಿ, 1937ರ ಏಪ್ರಿಲ್ 26ರಂದು, ಆ ಪಡೆಯ ಬೇರೆ ಬಾಂಬರ್‌ಗಳು ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಸುಟ್ಟುಹಾಕಿದವು. ಸಂತೆಗೆ ಬಂದಿದ್ದ ಜನಸಾಮಾನ್ಯರೂ ಪ್ರಾಣ ತೆತ್ತರು.

ಡೊ ಎಫ್‌ನ ನಕ್ಷೆ ಬರೆದವರು ಬುದ್ಧಿವಂತರೇ ಆಗಿದ್ದರು. ನಾಳೆ ನೀವೂ ಎಂಜಿನಿಯರುಗಳಾಗಬಹುದು, ವಿಜ್ಞಾನಿಗಳಾಗಬಹುದು. ಕೈಗೆ ಬಂದ ಕೆಲಸದ ಹೆಸರನ್ನಷ್ಟೇ ಓದಿ ಸುಮ್ಮನಾಗಬೇಡಿ. ಅದು ಯಾವುದಕ್ಕಾಗಿ, ಯಾರ ಮೇಲೆ ಎಂದು ಕೇಳುವುದೂ ವಿದ್ಯೆಯ ಒಂದು ಭಾಗವೇ.