ವಾರದ ಮೇಲೆ ನಿಂತ ಪೇಟೆ

ನಾಗಪುರದ ನಕ್ಷೆಯನ್ನು ಹರಡಿಕೊಂಡು ಬಡಾವಣೆಗಳ ಹೆಸರು ಓದುತ್ತಾ ಹೋದರೆ ಪಂಚಾಂಗದ ಪುಟ ಓದಿದಂತಾಗುತ್ತದೆ. ಸೋಮವಾರಿ ಇದೆ, ಮಂಗಳವಾರಿ ಇದೆ, ಬುಧವಾರಿ, ಶುಕ್ರವಾರಿ, ಶನಿವಾರಿ ಇವೆ. ಹಳೆಯ ಊರಿನ ನಡುವೆ, ಸಗಟು ಬಟ್ಟೆ ಅಂಗಡಿಗಳ ಗಾಂಧಿಬಾಗಿಗೆ ಒತ್ತಿಕೊಂಡಂತೆ, ಇತ್ವಾರಿ ಇದೆ. ಸಕ್ಕರದರಾ ಕಡೆ ಹೋದರೆ ಸೋಮವಾರಿ ಕ್ವಾರ್ಟರಿನ ಮಗ್ಗುಲಲ್ಲೇ ಬುಧವಾರ ಬಾಜಾರು ಸಿಗುತ್ತದೆ. ಊರಿನವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಹೊರಗಿನಿಂದ ಬಂದವರು ಮಾತ್ರ ವಿಳಾಸ ಕೇಳಿ ಒಂದು ಕ್ಷಣ ನಿಲ್ಲುತ್ತಾರೆ. ಇಂಥ ಹೆಸರುಗಳು ಹುಟ್ಟಿದ್ದು ವಾರಕ್ಕೊಮ್ಮೆ ಸೇರುತ್ತಿದ್ದ ಸಂತೆಗಳಿಂದ.

ಇತ್ವಾರಿ ಎಂದರೆ ಭಾನುವಾರದ್ದು. ಆದಿತ್ಯವಾರ ಎಂಬ ಮಾತು ಬಾಯಿಂದ ಬಾಯಿಗೆ ಸವೆದು ಹಿಂದಿಯಲ್ಲಿ ಇತವಾರವಾಯಿತು. ಅದೇ ಮಾತು ಇತ್ತ ಸವೆದು ಉತ್ತರ ಕರ್ನಾಟಕದ ಐತವಾರವಾಯಿತು. ಹಾಗಾಗಿ ವಿಜಯಪುರದಿಂದಲೋ ಬೀದರಿನಿಂದಲೋ ನಾಗಪುರಕ್ಕೆ ಹೋದವರಿಗೆ ಈ ಹೆಸರಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಮರಾಠಿಯಲ್ಲಿ ಭಾನುವಾರಕ್ಕೆ ರವಿವಾರ ಎನ್ನುತ್ತಾರೆ. ಆದರೂ ಇತ್ವಾರಿ ರವಿವಾರಿ ಆಗಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಊರು ಹಿಂದಿ ಮರಾಠಿ ಎರಡೂ ಆಡುವ ಪ್ರಾಂತ್ಯದ ರಾಜಧಾನಿಯಾಗಿತ್ತು ಎಂಬುದು ಅದರ ಹೆಸರುಗಳಲ್ಲಿ ಇನ್ನೂ ಉಳಿದಿದೆ. ಈಗ ಗಾಂಧಿಸಾಗರ ಎನಿಸಿಕೊಳ್ಳುವ ಕೆರೆಯನ್ನು ಹಳಬರು ಶುಕ್ರವಾರಿ ತಲಾವ್ ಎಂದರು, ಜುಮ್ಮಾ ತಲಾವ್ ಎಂದೂ ಕರೆದರು. ಒಂದು ಸಂಸ್ಕೃತದ ಕಡೆಯಿಂದ ಬಂದದ್ದು, ಇನ್ನೊಂದು ಅರಬ್ಬಿಯ ಕಡೆಯಿಂದ. ದಿನ ಮಾತ್ರ ಒಂದೇ.

ಊರಿನ ಭಾಗಗಳನ್ನು ದಿನದ ಹೆಸರಿನಿಂದ ಕರೆಯುವುದು ನಾಗಪುರದ ವಿಶೇಷವೇನಲ್ಲ. ಪುಣೆಯ ಪೇಠೆಗಳು ಪ್ರಸಿದ್ಧ. ಸೊಲ್ಲಾಪುರದಲ್ಲಿ ಮಂಗಳವಾರ ಪೇಠೆ, ಬೆಳಗಾವಿಯಲ್ಲಿ ರವಿವಾರ ಪೇಟೆ, ಶನಿವಾರ ಖೂಟ. ಕೊಡಗಿನಲ್ಲಿ ಸೋಮವಾರಪೇಟೆ, ಅದೇ ತಾಲ್ಲೂಕಿನಲ್ಲಿ ಶನಿವಾರಸಂತೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅಲ್ಲಿನ ಒಂದು ಭಾಗದಲ್ಲಿ ಶುಕ್ರವಾರ ಸೇರುವ ಸಂತೆಯನ್ನು ವರ್ಣಿಸುತ್ತಾನೆ. ಹಂದಿ, ಕೋಳಿ, ಕಡಲಿನಿಂದ ಬಂದ ಒಣಮೀನು, ಮತ್ತೆ ತನಗೆ ಹೆಸರು ಗೊತ್ತಿಲ್ಲದ ಎಷ್ಟೋ ಪದಾರ್ಥ ಅಲ್ಲಿದ್ದವಂತೆ. ಹೀಗೆಯೇ ದಿನಕ್ಕೊಂದು ಕಡೆ ಸಂತೆ ನಡೆಯುತ್ತದೆ ಎಂಬ ಮಾತನ್ನೂ ಅವನು ಸೇರಿಸುತ್ತಾನೆ. ರತ್ನದ ಬೀದಿಯ ವರ್ಣನೆಯನ್ನು ಪಠ್ಯಪುಸ್ತಕಗಳು ಮತ್ತೆ ಮತ್ತೆ ಹೇಳಿವೆ. ಒಣಮೀನಿನ ಶುಕ್ರವಾರವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಊರಿನ ಹೊಟ್ಟೆ ತುಂಬಿದ್ದು ಇಂಥ ಸಂತೆಗಳಿಂದ.

ಸಂತೆಗೆ ದಿನ ಯಾಕೆ ಬೇಕಾಯಿತು? ಬಳೆ ಮಾರುವವಳಿಗೆ ಒಂದು ಹಳ್ಳಿಯ ಗಿರಾಕಿ ಸಾಲದು. ಆ ಹಳ್ಳಿಗೂ ದಿನಾ ಬಳೆ ಬೇಡ. ಅವಳು ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ ಕೂತು ಏಳು ಊರುಗಳ ಗಿರಾಕಿಯನ್ನು ಕೂಡಿಸಿಕೊಂಡರೆ ಹೊಟ್ಟೆ ತುಂಬುತ್ತದೆ. ಗಿರಾಕಿಗೂ ಲಾಭವೇ. ನಡೆದು ಹೋಗುವಷ್ಟು ದೂರದಲ್ಲಿ, ಒಂದೇ ಕಡೆ, ಉಪ್ಪಿನಿಂದ ಕಂಬಳಿಯವರೆಗೆ ಎಲ್ಲ ಸಿಗುತ್ತದೆ. ಅಕ್ಕಪಕ್ಕದ ಎರಡು ಊರುಗಳ ಸಂತೆ ಒಂದೇ ದಿನ ಬಿದ್ದರೆ ಎರಡೂ ಸೊರಗುತ್ತವೆ. ಆದ್ದರಿಂದ ದಿನ ಹಂಚಿಕೊಳ್ಳುವುದು ಅನಿವಾರ್ಯವಾಯಿತು. ಸಂಸ್ಕೃತದ ವಾರ ಎಂಬ ಶಬ್ದಕ್ಕೆ ಸರದಿ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಅದು ಒಂದು ದಿನವೂ ಹೌದು, ಏಳು ದಿನದ ಸುತ್ತೂ ಹೌದು. ಮರಾಠಿಯವರು ಎಂಟನ್ನು ಒಳಗಿಟ್ಟುಕೊಂಡು ಆಠವಡೀ ಬಾಜಾರ್ ಎನ್ನುತ್ತಾರೆ. ನಮ್ಮಲ್ಲೂ ಎಂಟು ದಿನಕ್ಕೊಮ್ಮೆ ಸಂತೆ ಎಂದೇ ಮಾತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಸಂತೆಯಲ್ಲಿ ಕೂತವನ ಹಕ್ಕು ನೆಲದ ಮೇಲಿನದಲ್ಲ. ನೆಲ ಊರಿನದು, ದೇವಸ್ಥಾನದ್ದು ಅಥವಾ ಅರಸನದು. ಅವನದು ದಿನ ಮಾತ್ರ. ಶನಿವಾರ ಗೋಣಿತಟ್ಟು ಹಾಸುವ ಜಾಗದಲ್ಲಿ ಭಾನುವಾರ ಹಸು ಮೇಯುತ್ತಿದ್ದರೆ ಅವನಿಗೆ ತಕರಾರಿಲ್ಲ. ಮುಂದಿನ ಶನಿವಾರ ಆ ಜಾಗ ಖಾಲಿ ಇದ್ದರೆ ಸಾಕು. ಸುಂಕದವರೂ ಹಾಗೆಯೇ ವಸೂಲಿ ಮಾಡಿದರು, ಕೂತ ದಿನಕ್ಕೆ. ಉತ್ತರ ಭಾರತದಲ್ಲಿ ಇದಕ್ಕೆ ತಹಬಜಾರಿ ಎಂದು ಹೆಸರು, ಉತ್ತರ ಕರ್ನಾಟಕದಲ್ಲಿ ಜಕಾತಿ.

ನಾಗಪುರ ಇಂಥ ವ್ಯವಸ್ಥೆಗೆ ಹೇಳಿ ಮಾಡಿಸಿದ ಊರು. ದೇವಗಢದ ಗೊಂಡ ಅರಸ ಬಖ್ತ್ ಬುಲಂದ್ ಷಾ 1702ರಲ್ಲಿ ಇದನ್ನು ಕಟ್ಟಿದ್ದು ಹನ್ನೆರಡು ಹಳ್ಳಿಗಳನ್ನು ಸೇರಿಸಿ ಎಂದು ಹೇಳುತ್ತಾರೆ. ಆಮೇಲೆ ರಘೂಜಿ ಭೋಂಸ್ಲೆ ಇದನ್ನು ರಾಜಧಾನಿ ಮಾಡಿಕೊಂಡ. ಅರಮನೆಯ ಸುತ್ತ ಮಹಾಲ್ ಬೆಳೆಯಿತು, ಕಸುಬಿಗೊಂದು ಓಲಿ ಬಂತು. ಹಳಗನ್ನಡದ ಓಳಿಯನ್ನು ಬಲ್ಲವರಿಗೆ ಓಲಿ ಎಂದರೆ ಸಾಲು ಎಂದು ಊಹಿಸುವುದು ಕಷ್ಟವಲ್ಲ. ಗಣಪತಿ ಮಾಡುವವರ ಚಿತಾರ್ ಓಲಿ ಇವತ್ತಿಗೂ ಆ ಕಸುಬಿನಲ್ಲೇ ಇದೆ. ಕುಶಲಕರ್ಮಿಗೆ ಹೀಗೆ ಜಾಗ ಸಿಕ್ಕಿತು, ತಿರುಗಿ ಮಾರುವವನಿಗೆ ವಾರ ಸಿಕ್ಕಿತು. ಒಂದೇ ಊರಿನಲ್ಲಿ ಎರಡು ಬಗೆಯ ಹೆಸರುಗಳು ಉಳಿದದ್ದು ಹೀಗೆ ಎಂದು ತೋರುತ್ತದೆ.

ದಿನದ ಪೇಟೆ ದಿನನಿತ್ಯದ ಪೇಟೆಯಾದದ್ದು ಬ್ರಿಟಿಷರ ಕಾಲದಲ್ಲಿ. 1854ರಲ್ಲಿ ಡಾಲ್‌ಹೌಸಿ ಭೋಂಸ್ಲೆ ರಾಜ್ಯವನ್ನು ನುಂಗಿದ. 1864ರಲ್ಲಿ ಪುರಸಭೆ ಬಂತು, 1867ರಲ್ಲಿ ಮುಂಬಯಿಯ ರೈಲು ಬಂತು. 1877ರ ಜನವರಿ 1ರಂದು, ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಸಾರಿದ ದಿನವೇ, ಜಮ್‌ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಜುಮ್ಮಾ ತಲಾವಿನ ಹತ್ತಿರ ಶುರುವಾಯಿತು. ಬೆಳೆ ಬಂದಾಗ ಕಾಸು ನೋಡುವ ರೈತನಿಗೆ ವಾರದ ಸಂತೆ ಸಾಕು. ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರನಿಗೆ ಆವತ್ತಿನ ತರಕಾರಿ ಆವತ್ತೇ ಬೇಕು, ಅದೂ ಎರಡು ಕಾಸಿನಷ್ಟು, ದಾರಿಯಲ್ಲೇ. ರೈಲಿನ ಸರಕು ದಿನವೂ ಇಳಿಯತೊಡಗಿದರೆ ಸಗಟು ವ್ಯಾಪಾರಿಗೆ ಗೋದಾಮು ಬೇಕು, ಬಾಗಿಲು ಬೇಕು. ಹೀಗೆ ಇತ್ವಾರಿಯಲ್ಲಿ ದಿನಸಿ ಮತ್ತು ಬೆಳ್ಳಿ ಬಂಗಾರ, ಗಾಂಧಿಬಾಗಿನಲ್ಲಿ ಬಟ್ಟೆ ಗೋಡೆ ಕಟ್ಟಿಕೊಂಡು ಕೂತವು. ಭಾನುವಾರದ ಹೆಸರು ಹೊತ್ತ ಪೇಟೆ ವಾರವಿಡೀ ತೆರೆದುಕೊಂಡಿತು.

ನೆಲದ ಮೇಲೆ ಕೂರುವವನು ಹೋಗಲಿಲ್ಲ. ಅಂಗಡಿಯ ಮುಂದಕ್ಕೆ ಬಂದ. ದೊಡ್ಡ ಪೇಟೆಗೆ ಅವನಿಲ್ಲದೆ ನಡೆಯುವುದೂ ಇಲ್ಲ. ಹೊರೆ ಹೊರುವವರಿಗೆ, ಗುಮಾಸ್ತರಿಗೆ, ಹಳ್ಳಿಯಿಂದ ಥಾನು ಕೊಳ್ಳಲು ಬಂದ ಚಿಕ್ಕ ವ್ಯಾಪಾರಿಗೆ ಬೆಳಿಗ್ಗೆ ತರ್ರಿ ಪೋಹಾ ಬೇಕು. ಅವಲಕ್ಕಿ ಒಗ್ಗರಣೆಯ ಮೇಲೆ ಕಾಳಿನ ಕೆಂಪು ಖಾರದ ರಸ ಸುರಿದುಕೊಡುವ ತಿಂಡಿ ಅದು. ಮನೆಗೆ ಹೋಗುವಾಗ ಪಾವ್ ಕಿಲೋ ತರಕಾರಿ ಬೇಕು. 1962ರ ಹೊತ್ತಿಗೆ ಸೇರಿನ ತೂಕ ಕಾನೂನಿನಿಂದ ಹೋಗಿ ಕಿಲೋ ಕಡ್ಡಾಯವಾಯಿತು. ಸೇರಿನ ಕಾಲುಭಾಗವಾಗಿದ್ದ ಪಾವ್ ಮಾತ್ರ ಹೊಸ ಅಳತೆಯ ಬೆನ್ನು ಹತ್ತಿ ಕಾಲು ಕಿಲೋ ಆಗಿ ಉಳಿದುಕೊಂಡಿತು.

ಈ ವ್ಯಾಪಾರ ಇಂದಿಗೂ ಎಷ್ಟು ಕಾಲಕ್ಕೆ ಕಟ್ಟಿಕೊಂಡಿದೆ ಎನ್ನುವುದಕ್ಕೆ ಕಿತ್ತಳೆಯೇ ಸಾಕ್ಷಿ. ನಾಗಪುರದ ಕಿತ್ತಳೆಗೆ ಎರಡು ಬಹಾರು. ಮಾವು ಹೂಬಿಡುವ ಹೊತ್ತಿಗೆ ಹೂವಾಗುವುದು ಆಂಬಿಯಾ, ಚಳಿಗಾಲದ ಮೊದಲಿಗೆ ಹಣ್ಣು. ಮೃಗಶಿರ ಮಳೆಗೆ ಹೂವಾಗುವುದು ಮೃಗ, ಬೇಸಿಗೆ ಕಾಲಿಡುವ ಹೊತ್ತಿಗೆ ಹಣ್ಣು. ಕೈಗಾಡಿಯವನು ಈ ತಿಂಗಳುಗಳಲ್ಲಿ ಕಿತ್ತಳೆ ಮಾರುತ್ತಾನೆ, ಉಳಿದಂತೆ ಇನ್ನೇನನ್ನೋ. ಅವನಿಗೆ ವರ್ಷಪೂರ್ತಿ ಬಾಡಿಗೆ ತೆರುವ ಅಂಗಡಿ ಕೊಟ್ಟರೆ ಅದು ಉಪಕಾರವಾಗುತ್ತದೆಂದು ನಗರ ಯೋಜಕರು ನಂಬುತ್ತಾರೆ. ಎಷ್ಟೋ ಊರುಗಳಲ್ಲಿ ಬೀದಿ ವ್ಯಾಪಾರಿಗಳಿಗೆಂದು ಕಟ್ಟಿದ ಮಳಿಗೆಗಳು ಗಿರಾಕಿಯಿಲ್ಲದೆ ಬೀಗ ಹಾಕಿಕೊಂಡಿರುವುದಕ್ಕೆ ಈ ನಂಬಿಕೆಯೇ ಒಂದು ಕಾರಣ.

ಅಂಗಡಿಗೆ ಬಾಗಿಲು ಬಂದ ಮೇಲೆ ಅದರ ಮುಂದೆ ಕೂತವನು ಅತಿಕ್ರಮಣದಾರನಾದ. ಪೇಟೆಯ ಹಕ್ಕನ್ನು ಅಳೆಯುವ ಕೋಲು ಬದಲಾಯಿತು: ಮೊದಲು ದಿನ, ಈಗ ಚದರಡಿ. ಚದರಡಿಯ ಲೆಕ್ಕದಲ್ಲಿ ಅವನ ಹೆಸರಿಗೆ ಏನೂ ಇಲ್ಲ. ಅವನ ಕೈಯಲ್ಲಿರುವುದು ತೆತ್ತ ಸುಂಕದ ಚೀಟಿಗಳು. ಬೀದಿ ವ್ಯಾಪಾರಿಗಳು ಇಂಥ ಹಳದಿಯಾದ ಚೀಟಿಗಳನ್ನು, ದಂಡದ ರಸೀದಿಗಳನ್ನೂ ಸಹ, ವರ್ಷಗಟ್ಟಲೆ ಜೋಪಾನ ಮಾಡುವುದು ಸುಮ್ಮನೆ ಅಲ್ಲ. ತಾನು ಇಲ್ಲಿ ಕೂತಿದ್ದೆ ಎಂಬುದಕ್ಕೆ ದಂಡ ಹಾಕಿದ ಅಧಿಕಾರಿಯ ಸಹಿಗಿಂತ ಒಳ್ಳೆಯ ಪುರಾವೆ ಯಾವುದಿದೆ?

ನ್ಯಾಯಾಲಯಗಳು ಈ ಗಂಟನ್ನು ಬಿಡಿಸಲು ಬಹಳ ವರ್ಷ ಹೆಣಗಿದವು. 1985ರಲ್ಲಿ ಬಾಂಬೆ ಹಾಕರ್ಸ್ ಯೂನಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಕ್ಕೆ ಬಿಟ್ಟ ವಲಯ, ಬಿಡದ ವಲಯ ಎಂದು ಊರನ್ನು ವಿಂಗಡಿಸುವ ದಾರಿಯನ್ನು ಒಪ್ಪಿತು. 1989ರಲ್ಲಿ, ದೆಹಲಿಯ ಜನಪಥದಲ್ಲಿ ಸಿದ್ಧ ಉಡುಪು ಮಾರುತ್ತಿದ್ದ ಸೋದನ್ ಸಿಂಗ್ ಅವರ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಬೀದಿ ವ್ಯಾಪಾರ ಸಂವಿಧಾನದ 19ನೇ ವಿಧಿಯಡಿ ಬರುವ ಹಕ್ಕು ಎಂದಿತು. ಜೊತೆಗೇ, ಕಾಲುದಾರಿಯ ಇಂಥದ್ದೇ ಜಾಗ ತನ್ನದು ಎನ್ನುವ ಹಕ್ಕು ಯಾರಿಗೂ ಇಲ್ಲ ಎಂದಿತು. ತೀರ್ಪು ತರ್ಕಕ್ಕೆ ಸರಿಯಾಗಿದೆ. ಆದರೆ ವ್ಯಾಪಾರ ಮಾಡಬಹುದು, ಎಲ್ಲಿ ಎಂದು ಕೇಳುವಂತಿಲ್ಲ ಎಂದರೆ ಬುಟ್ಟಿ ಹೊತ್ತು ನಿಂತವನಿಗೆ ಏನು ಸಿಕ್ಕಂತಾಯಿತು? 2010ರಲ್ಲಿ ಗೈಂದಾ ರಾಮ್ ಪ್ರಕರಣದಲ್ಲಿ ಕೋರ್ಟು, ಇದಕ್ಕೊಂದು ಕಾನೂನೇ ಬೇಕು ಎಂದು ಸರ್ಕಾರಕ್ಕೆ ಗಡುವು ಕೊಟ್ಟಿತು. ಕಾನೂನು ಬಂದದ್ದು 2014ರಲ್ಲಿ, ಮೇ 1ರಿಂದ ಜಾರಿ.

ಈ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಸ್ಥಾನ ಚುನಾಯಿತ ಬೀದಿ ವ್ಯಾಪಾರಿಗಳದು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರದು. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಹೀಗಿದ್ದೂ ಎಬ್ಬಿಸುವುದು ನಿಂತಿಲ್ಲ. ನಾಗಪುರದಲ್ಲೇ ಸೀತಾಬರ್ಡಿ ಮುಖ್ಯರಸ್ತೆಯ ವ್ಯಾಪಾರಿಗಳ ವಿವಾದ ಬಾಂಬೆ ಹೈಕೋರ್ಟಿನ ನಾಗಪುರ ಪೀಠದವರೆಗೆ ಹೋಗಿದೆ. ವ್ಯಾಪಾರಿಗಳ ವಿರುದ್ಧ ಅಂಗಡಿಯವರು ಹೇಳುವುದರಲ್ಲೂ ಹುರುಳಿಲ್ಲದಿಲ್ಲ. ಬಾಡಿಗೆ, ತೆರಿಗೆ ಕಟ್ಟಿದ ಬಾಗಿಲು ಮುಚ್ಚಿಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಡೆಯುವವರಿಗೂ ದಾರಿ ಬೇಕು.

ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಮಾತಿದೆ. ಬೀದಿ ವ್ಯಾಪಾರಿಗಳು 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ಮಾಡಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಂದ ಅವರನ್ನು ಸ್ಥಳಾಂತರಿಸಬಾರದು. ಇದಕ್ಕೆ ಮೂರು ವರ್ಷ ಮೊದಲು, 2011ರ ಜುಲೈಯಲ್ಲಿ, ಹಂಪಿಯ ವಿರೂಪಾಕ್ಷ ಬೀದಿಯ ಮಂಟಪಗಳಲ್ಲಿ ಮನೆ ಅಂಗಡಿ ಮಾಡಿಕೊಂಡಿದ್ದವರನ್ನು ಪರಂಪರೆಯ ರಕ್ಷಣೆಯ ಹೆಸರಿನಲ್ಲೇ ತೆರವು ಮಾಡಲಾಗಿತ್ತು. ಬೀದಿಯ ಹೆಸರು ಇಂದಿಗೂ ಹಂಪಿ ಬಜಾರ್. ಅತ್ತ ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಇಡೀ ರಸ್ತೆಯನ್ನೇ ರಾಶಿಗಳಿಗೆ ಬಿಟ್ಟುಕೊಡುತ್ತಾರೆ. ಅದನ್ನು ಅತಿಕ್ರಮಣ ಎಂದು ಯಾರೂ ಅನ್ನುವುದಿಲ್ಲ, ಆ ಸೋಮವಾರ ಯಾರದು ಎಂದು ಊರಿಗೆಲ್ಲ ಗೊತ್ತು.

ಇತ್ವಾರಿಯಂಥ ಕಡೆ 50 ವರ್ಷದ ಷರತ್ತನ್ನು ಮುಟ್ಟುವುದು ಕಷ್ಟವಾಗಬಾರದು, ಬಡಾವಣೆಯ ಹೆಸರೇ ಅದಕ್ಕಿಂತ ಹಳೆಯದು. ಆದರೆ ಸಮೀಕ್ಷೆಗೆ ಬರುವವರು ಕೇಳುವುದು ವ್ಯಕ್ತಿಯ ದಾಖಲೆಯನ್ನು, ಪೇಟೆಯ ನೆನಪನ್ನಲ್ಲ. ಅದೇ ಕಾಯ್ದೆಯಲ್ಲಿ ಇನ್ನೊಂದು ಸಣ್ಣ ಏರ್ಪಾಡೂ ಇದೆ. ಒಂದೇ ಜಾಗವನ್ನು ವೇಳೆ ಹಂಚಿಕೊಂಡು ಹಲವರು ಬಳಸಬಹುದು. ಹಾಗೆ ಕೂತವನು ತನ್ನ ವೇಳೆ ಮುಗಿದ ಮೇಲೆ ಪ್ರತಿದಿನ ಸರಕು ತೆಗೆದುಕೊಂಡು ಜಾಗ ಬಿಡಬೇಕು. ಗಾಂಧಿಬಾಗಿನ ಬಟ್ಟೆಯಂಗಡಿಗಳು ಬಾಗಿಲೆಳೆದ ಮೇಲೆ ಅದೇ ಮೆಟ್ಟಿಲ ಮುಂದೆ ಇನ್ನೊಬ್ಬರ ಬುಟ್ಟಿ ಇಳಿಯಬಹುದೇ, ಎಷ್ಟು ಗಂಟೆಯವರೆಗೆ, ಯಾವ ವಾರ ಎಂದು ನಿಶ್ಚಯಿಸುವ ಕೆಲಸ ಈಗ ಪಟ್ಟಣ ವ್ಯಾಪಾರ ಸಮಿತಿ ಮತ್ತು ನಗರಪಾಲಿಕೆಯ ಮೇಜಿನ ಮೇಲಿದೆ.