ಹುಬ್ಬಳ್ಳಿ–ಧಾರವಾಡದ ಜರ್ಮನ್ ನಿವಾಸಿಗಳು

ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಅದರ ಕೇಂದ್ರ ಕಚೇರಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದರೂ ಇಲ್ಲಿಗೆ ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು.

ಭಾಷೆ
ಬಂದವರು ಮೊದಲು ಕಲಿಯಬೇಕಾದದ್ದು ಕನ್ನಡ. ಅದಿಲ್ಲದೆ ಸಂತೆಯ ವ್ಯವಹಾರವೂ ಇಲ್ಲ, ಶಾಲೆಯ ಪಾಠವೂ ಇಲ್ಲ, ಉಪದೇಶವೂ ಇಲ್ಲ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡ ಸೀಮೆಯಲ್ಲಿ ಜನರ ನಡುವೆ ಓಡಾಡಿ, ಪಂಡಿತರ ನೆರವಿನಿಂದ ಹಳಗನ್ನಡವನ್ನೂ ಅರಗಿಸಿಕೊಂಡರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಸಂಸಾರ
ಮಿಷನರಿಗಳು ಒಂಟಿಯಾಗಿ ಬರಬೇಕಿತ್ತು. ಮದುವೆಗೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ವಧು ಹಡಗಿನಲ್ಲಿ ಬರುತ್ತಿದ್ದಳು, ಎಷ್ಟೋ ಸಲ ವರನ ಮುಖವನ್ನೇ ನೋಡದೆ. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸುವುದು ರೂಢಿಯಾಗಿತ್ತು. ಬಳಿಕ ತಂದೆತಾಯಿಗೂ ಮಕ್ಕಳಿಗೂ ವರ್ಷಗಟ್ಟಲೆ ಪತ್ರವ್ಯವಹಾರವೊಂದೇ ನಂಟು. ಕಾಯಿಲೆ, ಅಕಾಲ ಮರಣ ಹಲವು ಮನೆಗಳನ್ನು ಕಾಡಿದವು.

ನಿರ್ಗಮನ
1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರಕ್ಕೆ ಜರ್ಮನರು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಕಳಿಸಲಾಯಿತು. ಮಿಷನ್ನಿನ ಆಸ್ತಿ ಅನ್ಯರ ಕೈಸೇರಿತು.

ಧಾರವಾಡದ ಬಾಸೆಲ್ ಮಿಷನ್ ಶಾಲೆ ಮತ್ತು ಕಿಟೆಲ್ ಕಾಲೇಜು ಈ ನಂಟನ್ನು ತಮ್ಮ ಹೆಸರಿನಲ್ಲಿ ಉಳಿಸಿಕೊಂಡಿವೆ.