ಅನ್ನವಿಕ್ರಯವೂ ಸಹಪಂಕ್ತಿಯೂ

ಹಸಿದು ಬಂದವನಿಗೆ ಅನ್ನವನ್ನಿಕ್ಕುವುದು ಪುಣ್ಯವೆಂದೂ, ಅದೇ ಅನ್ನಕ್ಕೆ ಬೆಲೆಯನ್ನು ಕಟ್ಟಿ ಮಾರುವುದು ಪಾಪವೆಂದೂ ಪೂರ್ವಿಕರು ಭಾವಿಸಿದ್ದರು. ದಾರಿಗರಿಗಾಗಿ ಛತ್ರಗಳೂ, ಬೇಸಗೆಯಲ್ಲಿ ಬಾಯಾರಿದವರಿಗಾಗಿ ಅರವಟ್ಟಿಗೆಗಳೂ ಕಟ್ಟಿದುದು ಈ ಭಾವನೆಯ ಫಲ. ಬೆಂಗಳೂರಿನ ರೈಲ್ವೆ ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಸ್ಥಾಪಿಸಿ, 1903ರಲ್ಲಿ ಪ್ರಾರಂಭವಾದ ಛತ್ರವು ಈ ಪರಂಪರೆಯ ಒಂದು ದೊಡ್ಡ ಕುರುಹಾಗಿದೆ. ಆದರೆ ಅದಾದ ಕೆಲವೇ ದಶಕಗಳಲ್ಲಿ ಅದೇ ನಗರದೊಳಗೆ ಅನ್ನವಿಕ್ರಯವು ಗೌರವದ ಉದ್ಯೋಗವಾಯಿತು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರನ್ನೂ ಮುಟ್ಟದಿದ್ದ ಜನರು ಒಂದೇ ಮೇಜಿನ ಎದುರುಬದುರಿಗೆ ಕುಳಿತು ತಿಂಡಿ ತಿನ್ನುವಂತಾಯಿತು. ರಾಜರ ಚರಿತ್ರೆಯಲ್ಲಿ ಇದಕ್ಕೆ ಎಡೆಯಿಲ್ಲದಿರಬಹುದು. ಜನತೆಯ ಚರಿತ್ರೆಯಲ್ಲಿ ಇದು ಅಲ್ಪವಾದ ಅಧ್ಯಾಯವಲ್ಲ.

ಮೊದಲು ನಗರದ ಬೆಳವಣಿಗೆಯನ್ನು ಗಮನಿಸಬೇಕು. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರಿಗೆ ರೈಲು ಬಂದಿತು. 1898ರ ಪ್ಲೇಗಿನ ಭೀತಿಯಿಂದ ಹಳೆಯ ಪೇಟೆಯ ಜನರು ಬಸವನಗುಡಿ, ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳಿಗೆ ಹರಡಿಕೊಂಡರು. 1905ರಲ್ಲಿ ಬೀದಿಗಳಿಗೆ ವಿದ್ಯುದ್ದೀಪಗಳು ಬಂದುವು. ರಾತ್ರಿಯ ಸಂಚಾರವು ನಿರ್ಭಯವಾಯಿತು. ಗಿರಣಿಗಳೂ, ಕಚೇರಿಗಳೂ, ಕಾಲೇಜುಗಳೂ ಹೆಚ್ಚಿದಂತೆಲ್ಲ ಮನೆಯನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿ ಬಂದ ತರುಣರ ಸಂಖ್ಯೆಯೂ ಹೆಚ್ಚಿತು. ಇವರಿಗೆ ಬಾಡಿಗೆಯ ಕೋಣೆಯಿದ್ದಿತು, ಒಲೆಯಿರಲಿಲ್ಲ. ಬಡ ವಿದ್ಯಾರ್ಥಿಯು ವಾರಕ್ಕೊಂದು ದಿನದಂತೆ ಏಳು ಮನೆಗಳನ್ನು ಹುಡುಕಿಕೊಂಡು ವಾರಾನ್ನದಿಂದ ಓದನ್ನು ಸಾಗಿಸುತ್ತಿದ್ದನು. ಆದರೆ ವಾರಾನ್ನವು ದೊರೆಯುತ್ತಿದ್ದುದು ಸ್ವಜಾತಿಯವರ ಮನೆಗಳಲ್ಲಿ. ಯಾವನ ಜಾತಿಯವರಿಗೆ ನಗರದಲ್ಲಿ ಸ್ಥಿತಿವಂತರಾದ ಗೃಹಸ್ಥರಿರಲಿಲ್ಲವೋ ಅವನಿಗೆ ಛತ್ರವೂ ದೂರ, ವಾರಾನ್ನವೂ ದೂರ.

ದುಡ್ಡು ಕೊಟ್ಟು ಉಣ್ಣೋಣವೆಂದರೆ ಮಡಿಯ ಅಡ್ಡಿಯಿದ್ದಿತು. ಏನು ಬೇಯಿಸಿದೆ ಎಂಬುದಕ್ಕಿಂತ ಯಾರು ಬೇಯಿಸಿದರು ಎಂಬ ಪ್ರಶ್ನೆಯೇ ಹೆಚ್ಚಿನದಾಗಿದ್ದ ಕಾಲವದು. ನೀರಿನಲ್ಲಿ ಬೆಂದ ಅನ್ನವು ಮುಸುರೆ. ಅದಕ್ಕೆ ನಿಯಮಗಳು ಬಿಗಿ. ಕಾಫಿಯಾದರೋ ಮುಸುರೆಯ ಲೆಕ್ಕಕ್ಕೆ ಸೇರಿದುದಲ್ಲ. ಎಣ್ಣೆಯಲ್ಲಿ ಕರಿದ ತಿಂಡಿಗೂ ಅಷ್ಟು ಬಿಗಿಯಿರಲಿಲ್ಲ. ಮಡಿವಂತರ ಮನೆಗಳಿಂದಲೂ ಗಂಡಸರು ಹೊರಗೆ ತಿನ್ನಲು ಹೊರಟಾಗ ಅವರು ಹೊಕ್ಕ ಮೊದಲ ಬಾಗಿಲಿಗೆ ಊಟದ ಹೆಸರಿಲ್ಲದೆ ‘ಕಾಫಿ ಕ್ಲಬ್ಬು’ ಎಂಬ ಹೆಸರು ಬಂದುದು ಆಶ್ಚರ್ಯವಲ್ಲ. ಆ ಹೆಸರಿನ ಹಿಂದೆ ಇನ್ನೊಂದು ಪದವನ್ನೂ ಸೇರಿಸುವುದು ವಾಡಿಕೆಯಾಯಿತು. 1924ರಲ್ಲಿ, ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಸಣ್ಣ ಅಂಗಡಿಯ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್ಬು’ ಎಂದಿದ್ದಿತು.

ಈ ಉದ್ಯೋಗಕ್ಕೆ ದಕ್ಷಿಣ ಕನ್ನಡದವರು ವಿಶೇಷವಾಗಿ ಬಂದುದಕ್ಕೆ ಕಾರಣಗಳುಂಟು. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳು ನೂರಾರು ಜನರಿಗೆ ಒಮ್ಮೆಗೇ ಅಡಿಗೆ ಮಾಡುವ ವಿದ್ಯೆಯನ್ನು ತಲೆಮಾರುಗಳಿಂದ ಕಲಿಸಿದ್ದುವು. ಆ ಸೀಮೆಯಲ್ಲಿ ಕಿರಿಯ ಮಕ್ಕಳಿಗೆ ಸಾಲುವಷ್ಟು ಭೂಮಿಯಿರಲಿಲ್ಲ; 1923ರ ಮಹಾಪ್ರವಾಹವು ಇದ್ದ ಬದುಕನ್ನೂ ಅನೇಕರಿಂದ ಕಸಿದುಕೊಂಡಿತು. ಹುಡುಗರು ಘಟ್ಟವನ್ನು ಹತ್ತಿ ಬೆಂಗಳೂರಿಗೂ ಮದರಾಸಿಗೂ, ಕಡಲ ದಾರಿಯಿಂದ ಮುಂಬಯಿಗೂ ಹೊರಟರು. ಮಠದ ಅಡಿಗೆಮನೆಯಲ್ಲಿ ದುಡಿದ ಕಡಂದಲೆಯ ಕೃಷ್ಣರಾಯರು ಮದರಾಸನ್ನು ಸೇರಿ, 1938ರಲ್ಲಿ ರಾಯಪೇಟೆಯಲ್ಲಿ ‘ವುಡ್‌ಲ್ಯಾಂಡ್ಸ್’ ಹೋಟೆಲನ್ನು ಪ್ರಾರಂಭಿಸಿದರು. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆಯಿತು. ಲೋಟ ತೊಳೆಯುವುದರಿಂದ ಆರಂಭಿಸಿ, ಬಡಿಸುವವನಾಗಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಕಥೆಯು ಈ ಮೂರು ನಗರಗಳಲ್ಲಿಯೂ ಮತ್ತೆ ಮತ್ತೆ ನಡೆಯಿತು.

ಹೋಟೆಲಿನ ನಾಮಫಲಕವು ಒಬ್ಬನಿಗೆ ಅಭಯಪತ್ರವಾಗಿದ್ದಂತೆ ಇನ್ನೊಬ್ಬನಿಗೆ ನಿಷೇಧಾಜ್ಞೆಯೂ ಆಗಿದ್ದಿತು. ಬ್ರಾಹ್ಮಣರ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಅಂಕಣ, ಇತರರಿಗೆ ಹೊರಗಿನ ಅಂಕಣ ಎಂಬ ವಿಭಾಗವು ಅನೇಕ ಕಡೆ ನಡೆದಿದ್ದಿತು. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಲಿಂಗಾಯತ ಖಾನಾವಳಿಗಳಿದ್ದುವು. ಮಾಂಸದ ಊಟ ದೊರೆಯುವ ಮನೆಗೆ ‘ಮಿಲಿಟರಿ ಹೋಟೆಲು’ ಎಂಬ ಹೆಸರಾಯಿತು. ಹೀಗೆ ಒಂದೊಂದು ಫಲಕವೂ ಯಾರಿಗೆ ಸ್ವಾಗತವೆಂಬುದನ್ನು ಸೂಚಿಸುತ್ತಿದ್ದಿತು. ಅಸ್ಪೃಶ್ಯರೆನಿಸಿದವರಿಗೆ ಮಾತ್ರ ಯಾವ ಫಲಕವೂ ಸ್ವಾಗತವನ್ನು ಹೇಳುತ್ತಿರಲಿಲ್ಲ. ಅಮೆರಿಕದಲ್ಲಿಯೂ ಲಂಡನ್ನಿನಲ್ಲಿಯೂ ಓದಿ, 1917ರಲ್ಲಿ ಬರೋಡೆಯ ಸಂಸ್ಥಾನದ ಸೇವೆಗೆ ಬಂದ ಭೀಮರಾವ್ ಅಂಬೇಡ್ಕರರು ಆ ನಗರದಲ್ಲಿ ಇಳಿದುಕೊಳ್ಳಲು ಸ್ಥಳವಿಲ್ಲದೆ, ಪಾರ್ಸಿಯವರ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ಇರಬೇಕಾಯಿತು. ಗುಟ್ಟು ತಿಳಿದ ಮೇಲೆ ದೊಣ್ಣೆಗಳನ್ನು ಹಿಡಿದು ಬಂದ ಗುಂಪೊಂದು ಅವರನ್ನು ಅಲ್ಲಿಂದ ಹೊರಡಿಸಿತು. ಊಟವಸತಿಗಳ ಮನೆಗಳು ನಗರದಲ್ಲಿ ಎಷ್ಟಿದ್ದರೂ ಒಬ್ಬನ ಪಾಲಿಗೆ ಅದು ಮರುಭೂಮಿಯಾಗಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆದರೂ ಪೇಟೆಯ ಬದುಕು ಫಲಕದ ಮಾತನ್ನು ಮೆಲ್ಲಮೆಲ್ಲನೆ ಸಡಿಲಿಸಿತು. ಹತ್ತು ಗಂಟೆಯ ಕಚೇರಿಗೆ ಓಡುವವನು ಪಕ್ಕದವನ ಗೋತ್ರವನ್ನು ವಿಚಾರಿಸಲಾರನು. ಬರಿಯ ಸ್ವಜಾತಿಯವರನ್ನೇ ನಂಬಿ ಮಾಲೀಕನು ಬಾಡಿಗೆಯನ್ನು ಕಟ್ಟಲಾರನು. ಮುಂಬಯಿಯಲ್ಲಿ ಇರಾನಿನಿಂದ ಬಂದವರು ನಡೆಸಿದ ಚಹದ ಅಂಗಡಿಗಳು ಈ ದಾರಿಯಲ್ಲಿ ಮುಂದಾಗಿದ್ದುವು. 1904ರ ಕಯಾನಿ ಅಂತಹವುಗಳಲ್ಲೊಂದು. ಅಲ್ಲಿಯ ಅಮೃತಶಿಲೆಯ ಮೇಜುಗಳಿಗೆ ಹಿಂದೂಗಳ ಪಂಕ್ತಿಭೇದದ ಪರಿಚಯವಿರಲಿಲ್ಲ. 1936ರಿಂದ ಕಾಫಿ ಬೆಳೆಯ ಪ್ರಚಾರಕ್ಕಾಗಿ ಏರ್ಪಟ್ಟ ‘ಇಂಡಿಯಾ ಕಾಫಿ ಹೌಸ್’ಗಳೂ ಜಾತಿಯ ಹೆಸರಿಲ್ಲದೆ ಬಾಗಿಲನ್ನು ತೆರೆದುವು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ತೆರೆದ ಹೋಟೆಲಿಗೆ ‘ವಿದ್ಯಾರ್ಥಿ ಭವನ’ವೆಂಬ ಹೆಸರಾಯಿತು. ‘ಬ್ರಾಹ್ಮಣ ಕಾಫಿ ಕ್ಲಬ್ಬಿ’ಗೂ ಇದಕ್ಕೂ ನಡುವೆ ಇಪ್ಪತ್ತು ವರ್ಷಗಳಷ್ಟೂ ಅಂತರವಿಲ್ಲ, ಆದರೆ ಒಂದರ ಫಲಕವು ಅಡಿಗೆಯವನ ಜನ್ಮವನ್ನು ಹೇಳಿದರೆ ಇನ್ನೊಂದರ ಫಲಕವು ಉಣ್ಣುವವನ ಹಸಿವನ್ನು ನೆನೆಯಿತು.

ಈ ಪರಿವರ್ತನೆಯ ಯಶಸ್ಸನ್ನೆಲ್ಲ ವ್ಯಾಪಾರಕ್ಕೇ ಒಪ್ಪಿಸುವುದು ನ್ಯಾಯವಲ್ಲ. ಬಾಗಿಲಿನ ಹೊರಗೆ ನಿಂತವರ ಹೋರಾಟವಿಲ್ಲದಿದ್ದರೆ ಒಳಗಿನವರ ಉದಾರತೆಯು ಅರ್ಧದಾರಿಯಲ್ಲಿಯೇ ನಿಂತುಬಿಡುತ್ತಿದ್ದಿತು. ಸಾರ್ವಜನಿಕ ಕೆರೆಬಾವಿಗಳನ್ನೂ ಧರ್ಮಶಾಲೆಗಳನ್ನೂ ಅಸ್ಪೃಶ್ಯರಿಗೆ ತೆರೆಯಬೇಕೆಂಬ ಬೋಲೆಯವರ ನಿರ್ಣಯವನ್ನು ಮುಂಬಯಿಯ ಶಾಸನಸಭೆಯು 1923ರಲ್ಲಿ ಅಂಗೀಕರಿಸಿತು. ಮದರಾಸಿನ ಸೀಮೆಯಲ್ಲಿ ಆತ್ಮಗೌರವ ಚಳುವಳಿಯವರು ಹೋಟೆಲುಗಳ ಮತ್ತು ರೈಲ್ವೆ ಉಪಾಹಾರಗೃಹಗಳ ಪಂಕ್ತಿಭೇದವನ್ನು ಬಹುಕಾಲ ಪ್ರತಿಭಟಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಅಂಗಡಿ, ಹೋಟೆಲು, ಉಪಾಹಾರಗೃಹ, ವಿನೋದಸ್ಥಾನಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಾರಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದುವರಿದು, ಹೋಟೆಲುಗಳಲ್ಲಿ ಸಾರ್ವಜನಿಕರ ಉಪಯೋಗಕ್ಕೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದಿತು. ಒಂದು ದೇಶದ ಶಾಸನವು ಲೋಟ ತಟ್ಟೆಗಳವರೆಗೂ ಇಳಿದು ಮಾತನಾಡಬೇಕಾಗಿ ಬಂದುದು, ರೋಗವು ಎಲ್ಲಿಯವರೆಗೆ ಇಳಿದಿದ್ದಿತೆಂಬುದನ್ನು ತಿಳಿಸುತ್ತದೆ.

ಕಾಯಿದೆಯು ಪ್ರವೇಶದ ವಿಚಾರವನ್ನು ಹೇಳಿತೇ ವಿನಾ ಹೆಸರಿನ ವಿಚಾರವನ್ನಲ್ಲ. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಫಲಕದ ಮೇಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಬೇಕೆಂದು ಪೆರಿಯಾರರ ಅನುಯಾಯಿಗಳು ದಿನವೂ ಬಂದು ಸತ್ಯಾಗ್ರಹ ಮಾಡಿ, ಗುಂಪುಗುಂಪಾಗಿ ಸೆರೆಗೆ ಹೋದರು. ಕೊನೆಗೆ ಆ ಪದವು ಕೆಳಗಿಳಿಯಿತು. ಬೆಂಗಳೂರಿನಲ್ಲಿ ಅಂತಹ ಗಲಭೆಯಿಲ್ಲದೆ ಇನ್ನೊಂದು ಬಗೆಯ ಬದಲಾವಣೆ ನಡೆಯಿತು. ಮಯ್ಯ ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳ ನೈರ್ಮಲ್ಯವನ್ನು ಕಂಡುಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಗೊಳಿಸುವ ಕ್ರಮವನ್ನು ತಂದರು. ಗಿರಾಕಿಗಳು ಅಡಿಗೆಮನೆಯನ್ನು ತಾವೇ ನೋಡುವುದಕ್ಕೆ ಅವಕಾಶವಿತ್ತರು. 1960ರಲ್ಲಿ ಸಂಸ್ಥೆಯು ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಬಂದಾಗ ಅದರ ಹೆಸರು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು. ಹಿಂದೆ ಅಡಿಗೆಯವನ ಜನಿವಾರವನ್ನು ನೋಡಿ ನಂಬುತ್ತಿದ್ದ ಶುದ್ಧಿಯನ್ನು ಇನ್ನು ಕುದಿಯುವ ನೀರನ್ನು ನೋಡಿ ನಂಬಬಹುದಾಯಿತು.

ಈ ಚರಿತ್ರೆಯು ಸಂಪೂರ್ಣವಾಗಿ ಮುಗಿಯಿತೆಂದು ಹೇಳುವಂತಿಲ್ಲ. ಕಾಯಿದೆಯಾದ ದಶಕಗಳ ಬಳಿಕವೂ ಎಷ್ಟೋ ಹಳ್ಳಿಗಳ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವನ್ನಿಡುವ ಪದ್ಧತಿಯು ಉಳಿದಿದ್ದಿತು. ಹೋಟೆಲಿನೊಳಗೆ ಉಣ್ಣುವವರ ಪಂಕ್ತಿಯು ಒಂದಾದರೂ, ಒಲೆಯ ಮುಂದೆ ನಿಲ್ಲುವವರು ಯಾರು, ಎಂಜಲು ಬಳಿಯುವವರು ಯಾರು ಎಂಬ ಹಂಚಿಕೆಯು ಸುಲಭವಾಗಿ ಬದಲಾಗಲಿಲ್ಲ. ಇನ್ನೊಂದೆಡೆ, ಬೆಂಗಳೂರಿನ ಶಂಕರಪುರದಲ್ಲಿ 1965ರಲ್ಲಿ ತೆರೆದ ಕಾಫಿಯಂಗಡಿಯ ಫಲಕದಲ್ಲಿ ಆ ಹಳೆಯ ಜಾತಿಸೂಚಕ ಪದವು ಇದ್ದೇ ಇದೆ; ಆದರೆ ಅದರ ಮುಂದೆ ಬೀದಿಯಲ್ಲಿ ನಿಂತು ಇಡ್ಲಿ ತಿನ್ನುವವರಲ್ಲಿ ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ. ಒಂದು ಕಡೆ ಹೆಸರು ಹೋಗಿ ನಡತೆ ಉಳಿಯಿತು. ಇನ್ನೊಂದು ಕಡೆ ನಡತೆ ಹೋಗಿ ಹೆಸರು ಉಳಿಯಿತು.

ಛತ್ರದ ಅನ್ನವು ದಾನವಾದುದರಿಂದ, ಯಾರಿಗೆ ಕೊಡಬೇಕೆಂಬ ವಿವೇಚನೆಯು ದಾನಿಯ ಕೈಯಲ್ಲಿದ್ದಿತು. ಹೋಟೆಲಿನ ಅನ್ನಕ್ಕೆ ಬೆಲೆಯಿದ್ದುದರಿಂದ, ಬೆಲೆಯನ್ನು ತೆತ್ತವನು ಅದನ್ನು ಹಕ್ಕೆಂದು ಕೇಳುವಂತಾಯಿತು. ಪಾಪವೆನಿಸಿದ್ದ ಅನ್ನವಿಕ್ರಯದಿಂದ ಹೀಗೊಂದು ಪುಣ್ಯವು ಫಲಿಸಿತು. ಇಂದು ನಗರದ ಯಾವುದೇ ಹೋಟೆಲಿನಲ್ಲಿ ಕಾಫಿಯ ಲೋಟವು ಒಬ್ಬನ ಕೈಯಿಂದ ತೊಟ್ಟಿಗೆ ಹೋಗಿ, ತೊಳೆದು, ಇನ್ನೊಬ್ಬನ ಕೈಗೆ ಬರುತ್ತದೆ. ಹಿಂದಿನವನು ಯಾರೆಂಬುದು ಮುಂದಿನವನಿಗೆ ತಿಳಿಯದು. ತಿಳಿಯಬೇಕೆಂಬ ಇಚ್ಛೆಯೂ ಅವನಿಗಿಲ್ಲ.